ಸರಕಿನ ಹೆಸರು, ಜನರ ಹೆಸರು
(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)

ಸಂಗಾತಿಗಳೇ, ಪಶ್ಚಿಮ ಆಫ್ರಿಕದ ಒಂದು ನಾಡನ್ನು ಬ್ರಿಟಿಷರು ‘ಗೋಲ್ಡ್ ಕೋಸ್ಟ್’ ಎಂದರು; ಚಿನ್ನದ ಕರಾವಳಿ. ಮನೆಯವರ ಹೆಸರಲ್ಲ, ಪೆಟ್ಟಿಗೆಯೊಳಗಿನ ಸರಕಿನ ಹೆಸರು!

1948ರಲ್ಲಿ ಬಟ್ಟೆಯೇ ಮೊದಲಾದ ವಿದೇಶಿ ಸಾಮಾನಿನ ಬೆಲೆ ತಾಳಲಾರದೆ ಅಲ್ಲಿನ ಜನ ಬಹಿಷ್ಕಾರ ಹೂಡಿದರು. ಫೆಬ್ರವರಿ 28ರಂದು ಆಕ್ರಾ ಪಟ್ಟಣದಲ್ಲಿ ಮನವಿ ಹಿಡಿದು ಹೊರಟ ಮಾಜಿ ಸೈನಿಕರ ಮೇಲೆ ಗುಂಡು ಹಾರಿತು, ಮೂವರು ಸತ್ತರು. 1957ರ ಮಾರ್ಚ್ 6ರಂದು ಎನ್‌ಕ್ರುಮಾರ ನಾಯಕತ್ವದಲ್ಲಿ ಸ್ವತಂತ್ರವಾದ ಆ ನಾಡು ‘ಘಾನಾ’ ಎಂದು ಹೆಸರಿಟ್ಟುಕೊಂಡಿತು.

ಘಾನಾ ಎಂಬುದು ಹಿಂದೆ ಒಬ್ಬ ಅರಸನ ಬಿರುದು. ಆಮೇಲೆ ಅವನ ರಾಜ್ಯದ ಹೆಸರು. ಆ ರಾಜ್ಯವಿದ್ದದ್ದು ಬಹು ದೂರ, ಇಂದಿನ ಮಾಲಿ, ಮಾರಿಟೇನಿಯಾ ಕಡೆ. ಎಲ್ಲಿಯ ಘಾನಾ, ಎಲ್ಲಿಯ ಆಕ್ರಾ ಎಂದು ಪಂಡಿತರು ಕೇಳಬಹುದು, ಕೇಳಲಿ. ದೊರೆಯ ಬಿರುದು ಕೋಕೋ ಬೆಳೆಗಾರನ, ಗಣಿ ಕೂಲಿಯ ನಾಡಿನ ಹೆಸರಾಯಿತು.

ಒಬುವಾಸಿಯ ಚಿನ್ನದ ಗಣಿ ಮಾತ್ರ ಆ ದಿನವೂ ಲಂಡನ್ನಿನ ಕಂಪನಿಯ ಕೈಯಲ್ಲೇ ಇತ್ತು.