ಗೋಡೆಯ ಬ್ಲಾಕಿಗೆ ಮಿಶ್ರಣ ಹೇಗಿರಬೇಕು?

(ಸಭಾಸದರ ಮೇಳಾವಾದಲ್ಲಿ ಕಟ್ಟಡ ವಿಭಾಗದ ಇಂಜಿನಿಯರರು ಮಾಡಿದ ಭಾಷಣ)



ಹಂಗಾಮು ಮುಗಿದು ಕಬ್ಬಿನ ಬಿಲ್ಲು ಕೈಗೆ ಬಂತೆಂದರೆ ನಮ್ಮ ಭಾಗದಲ್ಲಿ ಕಟ್ಟಡದ ಕೆಲಸ ಆರಂಭವಾಗುತ್ತದೆ. ಒಬ್ಬರು ದನದ ಕೊಟ್ಟಿಗೆ, ಒಬ್ಬರು ಪಂಪಿನ ಮನೆ, ಮತ್ತೊಬ್ಬರು ಮಗನ ಮದುವೆಗೆಂದು ಎರಡು ಖೋಲಿ ಕಟ್ಟಿಸುತ್ತಾರೆ. ಕಲ್ಲು-ಮಣ್ಣಿನ ದಪ್ಪ ಗೋಡೆಯ ಮೇಲೆ ಮಾಳಿಗೆ ಹಾಕುವವರು ಕಡಿಮೆಯಾಗಿದ್ದಾರೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭಾಗದಲ್ಲಿ ಭೂಮಿ ನಡುಗಿ ಸಾವಿರಾರು ಜನ ಸತ್ತರಲ್ಲ, ಹೆಚ್ಚಿನವರು ಅಂಥ ಗೋಡೆ-ಮಾಳಿಗೆಗಳ ಕೆಳಗೇ ಸಿಕ್ಕವರು. ಈಗ ಎಲ್ಲೆಡೆ ಸಿಮೆಂಟು ಬ್ಲಾಕು. ಆದರೆ ಸಿಮೆಂಟಿನ ಹೆಸರಿದ್ದ ಮಾತ್ರಕ್ಕೆ ಅದು ಗಟ್ಟಿಯೆಂದು ನಂಬಬಾರದು. ಗಾಡಿಯಿಂದ ಇಳಿಸುವಾಗಲೇ ಮೂಲೆ ಉದುರುವ ಬ್ಲಾಕುಗಳನ್ನು ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ.

ಮೊದಲು ಒಂದು ಭೇದ ತಿಳಿದುಕೊಳ್ಳೋಣ. ಸ್ಲ್ಯಾಬಿನ ಕಾಂಕ್ರೀಟು ಬೇರೆ, ಬ್ಲಾಕಿನದು ಬೇರೆ. ಸ್ಲ್ಯಾಬಿಗೆ ನೀರು ಕಡಿಮೆಯಾದಷ್ಟೂ ಬಲ ಹೆಚ್ಚು ಎಂದು ನಾವೇ ಗವಂಡಿಗಳಿಗೆ ಹೇಳುತ್ತ ಬಂದಿದ್ದೇವೆ. ಬ್ಲಾಕಿನ ಮಿಶ್ರಣ ಮೊದಲೇ ಬಿರುಸಾದದ್ದು, ಅಚ್ಚು ತೆಗೆದ ಕೂಡಲೆ ತನ್ನ ಕಾಲ ಮೇಲೆ ನಿಲ್ಲಬೇಕು. ಅದರಲ್ಲಿ ನೀರು ತೀರ ಕಡಿಮೆಯಾದರೆ ಯಂತ್ರ ಎಷ್ಟು ನಡುಗಿಸಿದರೂ ಕಾಳುಗಳು ಒತ್ತಾಗಿ ಕೂಡುವುದಿಲ್ಲ, ಒಳಗೆ ಪೊಳ್ಳು ಉಳಿಯುತ್ತದೆ. ಆದ್ದರಿಂದ ಇಲ್ಲಿ ಲೆಕ್ಕ ತಿರುಗುಮುರುಗು: ಅಚ್ಚು ತೆಗೆದಾಗ ಕುಸಿಯದಂತೆ ಎಷ್ಟು ನೀರು ಹಿಡಿಯುತ್ತದೆಯೋ ಅಷ್ಟು ಕೊಡಬೇಕು. ಒಂದು ಹಿಡಿ ಮಿಶ್ರಣವನ್ನು ಮುಷ್ಟಿಯಲ್ಲಿ ಒತ್ತಿರಿ. ಉಂಡೆ ನಿಲ್ಲಬೇಕು, ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಅಚ್ಚು ಬಿಟ್ಟ ಬ್ಲಾಕಿನ ಮೈಮೇಲೆ ಜೇಡರ ಬಲೆಯಂಥ ನೀರಿನ ಗೆರೆ ಕಂಡರೆ ನೀರು ಸರಿಯಾಗಿದೆಯೆಂದು ತಿಳಿಯಬಹುದು.

ಇನ್ನು ಖಡಿ ಮತ್ತು ಕ್ರಶರಿನ ಪುಡಿಯ ಪ್ರಮಾಣ. ನಮ್ಮ ಕರಿಕಲ್ಲಿನ ಖಡಿ ಒಳ್ಳೆಯದೇ, ಬ್ಲಾಕಿಗೆ 6ರಿಂದ 12 ಮಿಲಿಮೀಟರಿನ ಸಣ್ಣ ಖಡಿ ಸಾಕು. ಪುಡಿಯೊಡನೆ ಎಷ್ಟು ಸೇರಿಸಬೇಕು? ಎಲ್ಲ ಕ್ರಶರುಗಳ ಮಾಲು ಒಂದೇ ತರಹ ಇರದ ಕಾರಣ ಇದಕ್ಕೆ ಬಾಯಿಪಾಠದ ಉತ್ತರವಿಲ್ಲ. ಆದರೆ ಪರೀಕ್ಷೆ ಸುಲಭ. ಒಣಗಿದ ಖಡಿ-ಪುಡಿಯನ್ನು ತೂಕದಲ್ಲಿ 40ಕ್ಕೆ 60, 50ಕ್ಕೆ 50, 60ಕ್ಕೆ 40 ಹೀಗೆ ಮೂರು ಬಗೆಯಾಗಿ ಬೆರೆಸಿ, ಒಂದೇ ಬಕೀಟಿನಲ್ಲಿ ಸಲಾಕೆಯಿಂದ ಕುಟ್ಟಿ ತುಂಬಿ, ಬಾಯಿಮಟ್ಟ ಮಾಡಿ ತೂಗಿರಿ. ಯಾವುದು ಹೆಚ್ಚು ತೂಗುತ್ತದೆಯೋ ಅದರಲ್ಲಿ ಸಂದು ಕಡಿಮೆ. ಸಂದು ತುಂಬುವುದು ಸಿಮೆಂಟಿನ ಕೆಲಸವಾದ್ದರಿಂದ, ಸಂದು ಕಡಿಮೆಯಾದಷ್ಟು ಸಿಮೆಂಟು ಉಳಿಯುತ್ತದೆ. ಮುರುಮ, ಕರಿಮಣ್ಣು ಬೆರೆತ ಮಾಲು ಮಾತ್ರ ಬೇಡವೇ ಬೇಡ. ಎರೆಮಣ್ಣು ಹಿಗ್ಗಿ ಕುಗ್ಗುವ ಗುಣ ನಿಮಗೆ ಹೊಲದಲ್ಲೇ ಗೊತ್ತು.

ಸಿಮೆಂಟು ಎಷ್ಟು? ಇಲ್ಲಿ ಸ್ವಲ್ಪ ಲೆಕ್ಕ ಕೇಳಬೇಕು. ಆರು ಇಂಚಿನ ಘನ ಬ್ಲಾಕಿನ ನಿಜವಾದ ಅಳತೆ 390, 190, 140 ಮಿಲಿಮೀಟರು. ಚೆನ್ನಾಗಿ ಒತ್ತಿದ ಹಸಿ ಬ್ಲಾಕು ಸುಮಾರು 23 ಕಿಲೋ ತೂಗುತ್ತದೆ. 50 ಕಿಲೋದ ಒಂದು ಚೀಲಕ್ಕೆ ಖಡಿ-ಪುಡಿ ಕೂಡಿ 450 ಕಿಲೋ, ಅಂದರೆ ತೂಕದಲ್ಲಿ ಒಂದಕ್ಕೆ ಒಂಬತ್ತು, ಮೇಲೆ 25-30 ಲೀಟರು ನೀರು. ಇಷ್ಟರಲ್ಲಿ 22-23 ಬ್ಲಾಕು ಆಗುತ್ತವೆ. ಹಾಗಾದರೆ ಚೀಲಕ್ಕೆ ನಲವತ್ತು ಬ್ಲಾಕು ತೆಗೆಯುವವನು ಒಂದಕ್ಕೆ ಹದಿನೇಳರ ಹತ್ತಿರ ಬೆರೆಸುತ್ತಿದ್ದಾನೆಂದಾಯಿತು. ಕೊಳ್ಳಲು ಹೋದಾಗ ದರ ಕೇಳುವ ಮೊದಲು "ಚೀಲಕ್ಕೆ ಎಷ್ಟು ತೆಗೆಯುತ್ತೀರಿ?" ಎಂದು ಕೇಳಿರಿ. ಬ್ಲಾಕನ್ನೂ ತೂಗಿರಿ. ಕಾಟಾದ ವಿಷಯದಲ್ಲಿ ನಿಮಗೆ ನಾನು ಬುದ್ಧಿ ಹೇಳಬೇಕಾಗಿಲ್ಲ!

ಘನ ಬ್ಲಾಕಿಗೆ ಭಾರತೀಯ ಮಾನಕ 2185ರಲ್ಲಿ ಹೇಳಿದ ಸರಾಸರಿ ಬಲ ಚದರ ಮಿಲಿಮೀಟರಿಗೆ 4 ಅಥವಾ 5 ನ್ಯೂಟನ್. ಐದರ ಬ್ಲಾಕು ಒಡೆಯಲು 27 ಟನ್ನಿಗೂ ಮಿಕ್ಕ ಭಾರ ಬೇಕು. ನೀವೇ ಮಾಡಿಸುವುದಾದರೆ ಒಂದಕ್ಕೆ ಎಂಟು, ಒಂಬತ್ತು, ಹತ್ತು ಹೀಗೆ ಮೂರು ಬಗೆಯಲ್ಲಿ ಎಂಟೆಂಟು ಬ್ಲಾಕು ಹಾಕಿಸಿ, 28 ದಿನಕ್ಕೆ ಹತ್ತಿರದ ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಡೆಸಿ ನೋಡಿರಿ. ಬಲ ಸಾಕಾಗುವುದರಲ್ಲಿ ಯಾವುದು ಅಗ್ಗವೋ ಅದನ್ನು ಹಿಡಿಯಿರಿ. ಬುಟ್ಟಿಯಿಂದ ಅಳೆಯುವವರು ತುಂಬಿದ ಬುಟ್ಟಿಯನ್ನು ಒಮ್ಮೆ ತೂಗಿಕೊಳ್ಳಲಿ. ಹಸಿ ಉಸುಕು ಉಬ್ಬುವುದರಿಂದ ಬುಟ್ಟಿಯ ಲೆಕ್ಕ ಕಾಲು ಭಾಗದವರೆಗೂ ತಪ್ಪಬಹುದು.

ಈಗ ನಮಗೇ ವಿಶೇಷವಾದ ಮಾತು. ಸಿಮೆಂಟಿಗೆ ಸಕ್ಕರೆ ವೈರಿ. ಸಕ್ಕರೆ ಸಿಮೆಂಟಿನ ಕಣಕ್ಕೆ ಅಂಟಿಕೊಂಡು ಅದು ನೀರಿನೊಡನೆ ಕೂಡುವ ಕ್ರಿಯೆಯನ್ನು ತಡೆಯುತ್ತದೆ. ಒಂದು ಚೀಲಕ್ಕೆ ಬರೇ 25 ಗ್ರಾಂ ಸಕ್ಕರೆ ಸೇರಿದರೆ ಸೆಟ್ಟಾಗುವುದು ಗಂಟೆಗಟ್ಟಲೆ ತಡ. 100 ಗ್ರಾಂನಿಂದ ಅರ್ಧ ಕಿಲೋ ಸೇರಿದರೆ ಸೆಟ್ಟಾಗುವುದೇ ಇಲ್ಲವೆನ್ನಬಹುದು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ತಡವಾದ ಬ್ಲಾಕಿನ ನೀರು ಅಷ್ಟರಲ್ಲಿ ಹಾರಿಹೋಗಿ ಬ್ಲಾಕು ಪುಡಿಯಾಗುತ್ತದೆ. ಆದುದರಿಂದ ಮಳಿ ತುಂಬಿದ ಡ್ರಮ್ಮು, ಗಾಣದ ಮನೆಯ ಕಡಾಯಿ, ಹಾಲು ತುಂಬಿದ ಪೀಪಾಯಿ ಇವುಗಳಲ್ಲಿ ಸಿಮೆಂಟಿನ ನೀರು ಹಿಡಿಯಬಾರದು. ಸಕ್ಕರೆ ಚೀಲವನ್ನು ತೊಳೆಯದೆ ಹಸಿ ಬ್ಲಾಕಿನ ಮೇಲೆ ಹೊದಿಸಬಾರದು. ಹಸಿ ಬಗ್ಯಾಸೂ ಬೇಡ. "ಹಿಂದಿನವರು ಗಾರೆಗೆ ಬೆಲ್ಲದ ನೀರು ಹಾಕುತ್ತಿದ್ದರಲ್ಲ?" ಎಂದು ಹಿರಿಯರು ಕೇಳುವುದುಂಟು. ಹಾಕುತ್ತಿದ್ದರು, ನಿಜ. ಅದು ಸುಣ್ಣದ ಗಾರೆ. ಸುಣ್ಣಕ್ಕೆ ಹೊಂದಿದ್ದು ಸಿಮೆಂಟಿಗೆ ಹೊಂದುವುದಿಲ್ಲ.

ಬಾಯ್ಲರಿನ ಬಗ್ಯಾಸ್ ಬೂದಿಯನ್ನು ಬೆರೆಸಬಹುದೆ ಎಂದೂ ಕೇಳುತ್ತಾರೆ. ಪೂರ್ತಿ ಉರಿದು, ನುಣ್ಣಗೆ ಅರೆದ ಬೂದಿಗೆ ಸಿಮೆಂಟಿಗೆ ನೆರವಾಗುವ ಗುಣವಿದೆ. ಆದರೆ ರಾಶಿಯಿಂದ ತಂದ ಕರಿ ಬೂದಿಯಲ್ಲಿ ಉರಿಯದ ಇದ್ದಲು ಇರುತ್ತದೆ, ಅದು ನೀರು ಕುಡಿಯುತ್ತದೆ. ಪುಕ್ಕಟೆ ಸಿಗುತ್ತದೆಂದು ಸುರಿಯಬೇಡಿರಿ.

ನೀರುಣಿಸುವುದು ಕನಿಷ್ಠ 14 ದಿನ. ಮುಂದೆ ನಾಲ್ಕು ವಾರ ನೆರಳಲ್ಲಿ ಒಣಗಲಿ. ಬ್ಲಾಕು ಒಣಗುವಾಗ ಕುಗ್ಗುತ್ತದೆ, ಆ ಕುಗ್ಗುವಿಕೆ ಗೋಡೆ ಏರುವ ಮೊದಲೇ ಮುಗಿಯಬೇಕು, ಇಲ್ಲವಾದರೆ ಗೋಡೆ ಸೀಳುತ್ತದೆ. ಇಲ್ಲಿಗೆ ಆರು ವಾರವಾಯಿತು. ಮೃಗಶಿರಾ ಮಳೆಗೆ ಮೊದಲು ಗೋಡೆ ಏಳಬೇಕೆಂದರೆ ಮಾರ್ಚಿನಲ್ಲೇ ಬ್ಲಾಕು ಹಾಕಿಸಬೇಕು. ಕಟ್ಟುವಾಗ ಇಟ್ಟಂಗಿಯಂತೆ ನೀರಿನಲ್ಲಿ ಮುಳುಗಿಸಬಾರದು, ಕೂಡುವ ಮೈಗೆ ತುಸು ನೀರು ಚಿಮುಕಿಸಿದರೆ ಸಾಕು. ಗಾರೆ ಒಂದಕ್ಕೆ ಆರು ಇರಲಿ. ಗಾರೆ ಬ್ಲಾಕಿಗಿಂತ ಬಿರುಸಾದರೆ ಬಿರುಕು ಸಂದಿನಲ್ಲಿ ಬಾರದೆ ಬ್ಲಾಕನ್ನೇ ಸೀಳಿಕೊಂಡು ಹೋಗುತ್ತದೆ. ಬಾಗಿಲು-ಕಿಡಕಿಗಳ ಮೇಲೆ ಸುತ್ತಲೂ ಸಳಿ ಹಾಕಿದ ಕಾಂಕ್ರೀಟಿನ ಪಟ್ಟಿ ತಪ್ಪಿಸಬೇಡಿರಿ. ಭೂಮಿ ನಡುಗಿದರೆ ನಾಲ್ಕೂ ಗೋಡೆಗಳನ್ನು ಒಂದಾಗಿ ಹಿಡಿಯುವುದು ಅದೇ.

ನಿಮ್ಮ ಊರಿನ ಕ್ರಶರಿನ ಖಡಿ-ಪುಡಿಯನ್ನು ಕೆಲವರು ಚೀಲದಲ್ಲಿ ತಂದಿದ್ದೀರಿ. ಬಕೀಟು, ತಕ್ಕಡಿ ಹೊರಗೆ ಇಟ್ಟಿದ್ದೇವೆ. ಚಹಾ ಆದ ಮೇಲೆ ಬನ್ನಿರಿ, ತೂಗಿ ನೋಡೋಣ.