ಮುಂಜಾವದ ದುಡಿಮೆ ಮತ್ತು ನಿದ್ದೆಯ ಸಾಲ
(ಪುತ್ತೂರಿನ ಆರೋಗ್ಯ ಜಾಗೃತಿ ಸಭೆಯೊಂದರಲ್ಲಿ ಮಾಡಿದ ಭಾಷಣ)



ರಾತ್ರಿ ಪಾಳಿ ಎಂದೊಡನೆ ನಮಗೆ ನೆನಪಾಗುವುದು ಬೆಂಗಳೂರಿನ ಕಂಪೆನಿಗಳು, ಆಸ್ಪತ್ರೆಯ ದಾದಿಯರು, ಬಸ್ಸಿನ ಚಾಲಕರು. ಪುತ್ತೂರು, ಸುಳ್ಯ, ಕಡಬದ ರಬ್ಬರ್ ತೋಟಗಳಲ್ಲಿ ಹಣೆಗೆ ದೀಪ ಕಟ್ಟಿಕೊಂಡು ಮರದಿಂದ ಮರಕ್ಕೆ ನಡೆಯುವ ಟ್ಯಾಪಿಂಗ್ ಕಾರ್ಮಿಕರನ್ನು ಯಾರೂ ಆ ಪಟ್ಟಿಗೆ ಸೇರಿಸುವುದಿಲ್ಲ. ಸುಬ್‌ಹಿಯ ಬಾಂಗ್ ಕೇಳಿಸುವ ಹೊತ್ತಿಗೆ ಅವರಲ್ಲಿ ಅನೇಕರು ಹತ್ತಾರು ಮರಗಳಿಗೆ ಗೀರು ಹಾಕಿರುತ್ತಾರೆ.

ಇದು ಮರದ ಸ್ವಭಾವ. ರಾತ್ರಿ ಎಲೆಗಳಿಂದ ನೀರು ಆರುವುದು ಕಡಿಮೆ. ತೊಗಟೆಯ ಹಾಲಿನ ನಾಳಗಳಲ್ಲಿ ಒತ್ತಡ ತುಂಬಿರುತ್ತದೆ. ಬಿಸಿಲೇರಿದಂತೆ ಒತ್ತಡ ಇಳಿಯುತ್ತದೆ, ಹಾಲೂ ಕಡಿಮೆಯಾಗುತ್ತದೆ. 1964ರ ಒಪ್ಪಂದದಂತೆ ಸಿಲೋನಿನಿಂದ ಮರಳಿದ ತಮಿಳು ಕುಟುಂಬಗಳು ಸುಳ್ಯದ ಸರಕಾರಿ ರಬ್ಬರ್ ತೋಟಗಳಲ್ಲಿ ನೆಲೆ ಕಂಡ ಕಾಲದಿಂದಲೂ ಈ ಭಾಗದ ಎಷ್ಟೋ ಮನೆಗಳ ದಿನಚರಿಯನ್ನು ನಿರ್ಧರಿಸಿರುವುದು ಮರದ ಈ ಗಡಿಯಾರವೇ.

ಮನುಷ್ಯ ಶರೀರಕ್ಕೂ ಗಡಿಯಾರವಿದೆ. ನಿದ್ದೆಯ ಹಾರ್ಮೋನು ಸ್ರವಿಸುವ ಇರುಳಿನಲ್ಲಿ ಸಕ್ಕರೆಯನ್ನು ನಿಭಾಯಿಸುವ ಸಾಮರ್ಥ್ಯ ಕುಗ್ಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2007ರಲ್ಲಿ, ಪುನಃ 2019ರಲ್ಲಿ, ರಾತ್ರಿ ಪಾಳಿಯನ್ನು ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲ ಸಂಗತಿಗಳ ವರ್ಗಕ್ಕೆ ಸೇರಿಸಿತು. ಮುಂಜಾವದ ಟ್ಯಾಪಿಂಗನ್ನು ಇಡೀ ರಾತ್ರಿಯ ಪಾಳಿಗೆ ಸಮನೆಂದು ಹೇಳಿ ಹೆದರಿಸುವ ಉದ್ದೇಶ ನನಗಿಲ್ಲ. ಇವರ ಸಂಕಟ ನಿದ್ದೆಯ ಸಾಲದ್ದು.

ಮೂರಕ್ಕೆ ಏಳುವವನು ಏಳು ಗಂಟೆ ನಿದ್ರಿಸಬೇಕಾದರೆ ಎಂಟಕ್ಕೇ ಮಲಗಬೇಕು. ನಮ್ಮ ಊರುಗಳಲ್ಲಿ ಎಂಟಕ್ಕೆ ಮಲಗಲು ಬಿಡುವವರಾರು? ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ ಬಯಲಲ್ಲಿ ಧ್ವನಿವರ್ಧಕ ಸಲ್ಲದೆಂದು 2000ದ ಶಬ್ದ ಮಾಲಿನ್ಯ ನಿಯಮಗಳು ಹೇಳುತ್ತವೆ. ಅನ್ಯರ ಉತ್ಸವದ ಸದ್ದನ್ನು ಆಕ್ಷೇಪಿಸುವ ನಾವು ನಮ್ಮ ಮತಪ್ರಭಾಷಣದ ಮೈಕನ್ನು ಹತ್ತಕ್ಕೆ ಆರಿಸುತ್ತೇವೆಯೇ? ಆ ಸಭೆಯ ಹಿಂದಿನ ಮನೆಯಲ್ಲೇ ಒಬ್ಬ ಟ್ಯಾಪರ್ ಹೊರಳಾಡುತ್ತಿರಬಹುದು.

ಅವನಿಗೂ ಮೊದಲೆದ್ದು ಚಹಾ ಕಾಯಿಸುವ ಮಡದಿಯೋ, ರಾತ್ರಿ ಮಕ್ಕಳು ಮಲಗಿದ ಮೇಲೆ ಬೀಡಿಯ ಲೆಕ್ಕ ಭರ್ತಿ ಮಾಡುವವಳು. ಅವಳ ಸಾಲ ಇನ್ನೂ ದೊಡ್ಡದು. ಹಗಲಲ್ಲಿ ತೀರಿಸಲು ಬಿಡುವಿಲ್ಲ.

ಸಕ್ಕರೆ ಕಾಯಿಲೆಯುಳ್ಳ ಟ್ಯಾಪರ್‌ಗಳಿಗೆ ಇನ್ನೊಂದು ಮಾತು. ‘ಉಪಾಹಾರಕ್ಕೆ ಮುಂಚೆ’ ಎಂದು ವೈದ್ಯರು ಬರೆಯುವಾಗ ಅವರ ಮನಸ್ಸಿನಲ್ಲಿರುವುದು ಎಂಟು ಗಂಟೆಯ ಉಪಾಹಾರ. ಎಷ್ಟಕ್ಕೆ ಏಳುತ್ತೀರಿ, ಬರಿಹೊಟ್ಟೆಯಲ್ಲಿ ಎಷ್ಟು ನಡೆಯುತ್ತೀರಿ, ಮೊದಲ ತುತ್ತು ಎಷ್ಟು ಹೊತ್ತಿಗೆ ಎಂಬುದನ್ನು ಅವರು ಕೇಳುವ ಮುನ್ನ ನೀವೇ ತಿಳಿಸಿರಿ. ಔಷಧಿ ಸೇವಿಸಿ ಬರಿಹೊಟ್ಟೆಯಲ್ಲಿ ಗುಡ್ಡ ಹತ್ತಿ, ಸಕ್ಕರೆ ಕುಸಿದು ಕತ್ತಲ ತೋಟದಲ್ಲಿ ಬಿದ್ದರೆ, ಯಾರಾದರೂ ಕಾಣಬೇಕಾದರೆ ಬೆಳಕು ಹರಿಯಬೇಕು.