ಕಾರಿನ ತಂಪುಗಾಳಿ ನಿಂತಾಗ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಬಾಡಿಗೆ ಕಾರು ನಡೆಸುವವರಿಗೆ ಮೇ ತಿಂಗಳಲ್ಲಿ ಏ.ಸಿ. ಕೆಟ್ಟರೆ ಆ ದಿನದ ಸಂಪಾದನೆಯೇ ಹೋದಂತೆ. ಗ್ಯಾರೇಜಿಗೆ ಹೋದೊಡನೆ ‘ಗ್ಯಾಸು ಮುಗಿದಿದೆ’ ಎಂಬ ತೀರ್ಪು ಬರುವುದುಂಟು. ಮೆಕ್ಯಾನಿಕ್ ಬಂಧುಗಳು ತೀರ್ಪಿಗೆ ಮುನ್ನ ವಿದ್ಯುತ್ತಿನ ದಾರಿಯನ್ನು ಪರೀಕ್ಷಿಸಬೇಕೆಂದು ನನ್ನ ವಿನಂತಿ.

ಎಂಜಿನ್ ನಡೆಯುತ್ತಿರಲಿ, ಬೆಲ್ಟಿನಿಂದ ಕೈ ದೂರವಿರಲಿ. ಏ.ಸಿ. ಗುಂಡಿ ಒತ್ತಿದಾಗ ಕಂಪ್ರೆಸರಿನ ಕ್ಲಚ್ಚು ‘ಟಕ್’ ಎಂದು ಹಿಡಿಯಿತೇ? ಇಲ್ಲವಾದರೆ ಅದರ ತಂತಿಗೆ ಮೀಟರು ಹಿಡಿಯಿರಿ. ಬ್ಯಾಟರಿಯ 12 ವೋಲ್ಟು ಪೂರ್ತಿ ಬರುತ್ತಿದ್ದು, ಅರ್ತಿಂಗೂ ಸರಿಯಿದ್ದರೆ ದೋಷ ಕ್ಲಚ್ಚಿನಲ್ಲಿದೆ. ಮಳೆಗಾಲ ಕಳೆದ ಮೇಲೆ ಅರ್ತಿಂಗಿನ ತುದಿಗೆ ತುಕ್ಕು ಹಿಡಿದಿರುವುದುಂಟು, ಉಜ್ಜಿ ನೋಡಿ. ವೋಲ್ಟೇ ಬಾರದಿದ್ದರೆ ಫ್ಯೂಸು, ರಿಲೇ, ಪ್ರೆಷರ್ ಸ್ವಿಚ್ಚುಗಳನ್ನು ಒಂದೊಂದಾಗಿ ನೋಡತಕ್ಕದ್ದು. ಗ್ಯಾಸು ನಿಜವಾಗಿ ಇಳಿದಾಗಲೂ ಈ ಸ್ವಿಚ್ಚೇ ಪ್ರವಾಹವನ್ನು ತಡೆಯುತ್ತದೆ. ಆದುದರಿಂದ ಗೇಜು ನೋಡದೆ ಸ್ವಿಚ್ಚನ್ನು ದೂರಬಾರದು; ಸೋರಿಕೆ ಹುಡುಕದೆ ಗ್ಯಾಸು ತುಂಬಬಾರದು.

ಫ್ಯೂಸು ಮತ್ತೆ ಮತ್ತೆ ಸುಟ್ಟರೆ ದೊಡ್ಡ ಫ್ಯೂಸು ಹಾಕುವುದು ಬೆಂಕಿಯನ್ನು ಕರೆದಂತೆ. ತಂತಿ ಎಲ್ಲಿ ಸವೆದಿದೆ, ಮೋಟಾರು ಎಲ್ಲಿ ಬಿಗಿದಿದೆ ಎಂಬುದನ್ನೇ ಹುಡುಕಬೇಕು.

ಹೀಗೆ ಪರೀಕ್ಷಿಸಿದರೆ ಚಾಲಕನ ದುಡ್ಡು ಉಳಿಯುತ್ತದೆ, ಮೆಕ್ಯಾನಿಕನ ಹೆಸರೂ ಉಳಿಯುತ್ತದೆ. ಇಬ್ಬರೂ ದುಡಿದು ಉಣ್ಣುವವರೇ ಅಲ್ಲವೇ?